ಹಕ್ಕರಕಿ, ನಾಲಿಗೆ ಮತ್ತು ಬಸುರಿಯ ಬಿ.ಪಿ.

ಅರ್ಧ ಲೀಟರ್ ಬೀಟ್‌ರೂಟ್ ರಸ ಕುಡಿಯಿರಿ. ಆಮೇಲೆ ಮೂರು ತಾಸು ಬಾಯಲ್ಲಿ ಊರುವ ಜೊಲ್ಲನ್ನು ಮಾತ್ರ ನುಂಗಬೇಡಿ, ಉಗುಳುತ್ತಲೇ ಇರಿ!

ಇದೆಂಥ ಹುಚ್ಚು ಅನ್ನಬೇಡಿ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಅಮೃತಾ ಅಹ್ಲುವಾಲಿಯಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಹೀಗೇ ಹೇಳಿದ್ದರು. ರಸ ಕುಡಿದು ಸುಮ್ಮನೆ ಕೂತವರ ರಕ್ತದೊತ್ತಡದ ಮೇಲಿನ ಅಂಕಿ ಮೂರು ತಾಸಿನ ಹೊತ್ತಿಗೆ ಸುಮಾರು 10ರಷ್ಟು ಇಳಿದಿತ್ತು. ಉಗುಳಿದವರಲ್ಲಿ? ಇಳಿಯಲೇ ಇಲ್ಲ! ಅದೇ ರಸ ಅದೇ ಹೊಟ್ಟೆಗೆ ಹೋಗಿದೆ, ರಕ್ತಕ್ಕೂ ಸೇರಿದೆ. ಹಾಗಾದರೆ ಒತ್ತಡ ಇಳಿಸಿದ್ದು ಯಾರು? ಉಗುಳಿ ಹೊರಹಾಕಿದ ಆ ಜೊಲ್ಲಿನಲ್ಲಿ ಏನಿತ್ತು?

ಇದನ್ನು ತಲೆಯಲ್ಲಿಟ್ಟುಕೊಂಡು ಹಾವೇರಿಯ ಸಂತೆಯಲ್ಲಿ ನಿಂತರೆ ಕಣ್ಣ ಮುಂದಿನ ತಪ್ಪಲಿನ ಗುಡ್ಡೆಗಳು ಬೇರೆಯೇ ಆಗಿ ಕಾಣತೊಡಗುತ್ತವೆ. ಹಕ್ಕರಕಿ, ಮೆಂತ್ಯ, ಸಬ್ಬಸಗಿ, ರಾಜಗಿರಿ, ಕಿರಕಸಾಲಿ, ಉಳ್ಳಾಗಡ್ಡಿ ತಪ್ಪಲು, ಎಲೆಸಮೇತ ಮೂಲಂಗಿ. ಬೆಂಗಳೂರಿನವರು ಸೊಪ್ಪನ್ನು ಬೇಯಿಸದೆ ಬಾಯಿಗಿಡಲು ಹಿಂಜರಿಯುತ್ತಾರೆ. ಇಲ್ಲಿ ಹಾಗಲ್ಲ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪಕ್ಕದಲ್ಲಿ ಒಂದು ಹಿಡಿ ಹಸಿ ತಪ್ಪಲು ಇಲ್ಲದಿದ್ದರೆ ಊಟ ಊಟವೇ ಅಲ್ಲ. ತಪ್ಪಲು ಮಾರುತ್ತಿದ್ದ ಹಿರಿಯಳೊಬ್ಬಳನ್ನು ಕೇಳಿದೆ: “ಬಸುರಾದಾಕಿಗೆ ಇದರಾಗ ಯಾವುದು ಚೊಲೋ, ಯವ್ವಾ?”

“ಎಲ್ಲಾ ಚೊಲೋನ ತಮ್ಮಾ. ಆದ್ರ ಹಸೀದ ತಿನ್ನಬೇಕು. ಕುದಿಸಿ ನೀರು ಚೆಲ್ಲಿದ್ರ ಅದರಾಗ ಏನ್ ಉಳೀತೈತಿ?”

ಕುದಿಸಿದ ನೀರಿಗೆ ಇಳಿದುಹೋಗುವುದು ಏನು ಅಂತ ಆಕೆಗೆ ರಸಾಯನಶಾಸ್ತ್ರ ಹೇಳಿಕೊಟ್ಟವರಿಲ್ಲ. ಅದರ ಹೆಸರು ನೈಟ್ರೇಟ್. ನೀರಲ್ಲಿ ಸಲೀಸಾಗಿ ಕರಗುವ ಇದು ಸೊಪ್ಪು ಕುದಿದಾಗ ದೊಡ್ಡ ಪಾಲಿನಲ್ಲಿ ಕಟ್ಟಿಗೆ ಇಳಿದುಬಿಡುತ್ತದೆ. ಒಂದು ಕಿಲೋ ಟೊಮೆಟೊದಲ್ಲಿ ನೈಟ್ರೇಟ್ 50 ಮಿಲಿಗ್ರಾಂ ಮುಟ್ಟುವುದೇ ಕಷ್ಟ. ಐರೋಪ್ಯ ಆಹಾರ ಸುರಕ್ಷಾ ಪ್ರಾಧಿಕಾರ 2008ರಲ್ಲಿ ಕೊಟ್ಟ ಪಟ್ಟಿಯಲ್ಲಿ ರಾಜಗಿರಿಯ ಕುಲದ ಸೊಪ್ಪು, ಕೊತ್ತಂಬರಿ ಎರಡೂ ಕಿಲೋಗೆ 2000 ಮಿಲಿಗ್ರಾಂ ದಾಟುತ್ತವೆ! ಬೀಟ್‌ರೂಟ್, ಲೆಟ್ಯೂಸ್ ಸಾವಿರದ ಮೇಲೆ. ನಮ್ಮ ಹಕ್ಕರಕಿ ಅದೇ ಲೆಟ್ಯೂಸಿನ ಕುಲಬಾಂಧವ. ಎಲೆಗಿಂತ ದಂಟಿನಲ್ಲಿ ನೈಟ್ರೇಟ್ ಹೆಚ್ಚು. ಬಿಸಿಲಲ್ಲಿ ಗಿಡ ಅದನ್ನು ಪ್ರೋಟೀನ್ ಮಾಡಲು ಬಳಸಿಕೊಳ್ಳುವುದರಿಂದ ಇಳಿಹೊತ್ತಿಗೆ ಕಿತ್ತದ್ದಕ್ಕಿಂತ ನಸುಕಿನಲ್ಲಿ ಕಿತ್ತದ್ದರಲ್ಲಿ ಹೆಚ್ಚು. ಸಂತೆಗೆ ತಪ್ಪಲು ಬರುವುದು ಯಾವಾಗ? ನಸುಕಿನಲ್ಲೇ!

ಈಗ ಆ ನೈಟ್ರೇಟಿನ ಬೆನ್ನು ಹತ್ತೋಣ ಬನ್ನಿ. ಹಕ್ಕರಕಿ ಅಗಿದಿರಿ, ನುಂಗಿದಿರಿ. ಸಣ್ಣ ಕರುಳು ನೈಟ್ರೇಟನ್ನು ಹೀರಿ ರಕ್ತಕ್ಕೆ ಕೊಟ್ಟಿತು. ಬೇಡದ್ದನ್ನು ಮೂತ್ರಪಿಂಡ ಹೊರಗೆ ಹಾಕಬೇಕಲ್ಲ, ಬಹುಪಾಲನ್ನು ಹಾಕುತ್ತದೆ ಕೂಡ. ಆದರೆ ಸುಮಾರು ಕಾಲು ಭಾಗವನ್ನು ಜೊಲ್ಲಿನ ಗ್ರಂಥಿಗಳು ರಕ್ತದಿಂದ ಹೆಕ್ಕಿ ಹೆಕ್ಕಿ ಮತ್ತೆ ಬಾಯಿಗೇ ತಂದು ಸುರಿಯುತ್ತವೆ! ರಕ್ತದಲ್ಲಿರುವುದಕ್ಕಿಂತ ಜೊಲ್ಲಿನಲ್ಲಿ ಅದು ಹತ್ತು ಪಟ್ಟಿಗೂ ಹೆಚ್ಚು ದಟ್ಟ. ನುಂಗಿದ್ದನ್ನು ದೇಹ ಯಾಕೆ ವಾಪಸು ಬಾಯಿಗೆ ತರುತ್ತದೆ?

ಯಾಕೆಂದರೆ ಮುಂದಿನ ಕೆಲಸ ಮನುಷ್ಯನ ಕೈಯಲ್ಲಿ ಆಗುವುದಿಲ್ಲ. ನೈಟ್ರೇಟಿನಿಂದ ಒಂದು ಆಮ್ಲಜನಕ ಕಿತ್ತು ನೈಟ್ರೈಟ್ ಮಾಡುವ ಶಕ್ತಿ ನಮ್ಮ ಜೀವಕೋಶಗಳಿಗೆ ಇಲ್ಲವೆನ್ನುವಷ್ಟು ಕಡಿಮೆ. ಅದು ಇರುವುದು ನಾಲಿಗೆಯ ಹಿಂಭಾಗದ ಸಂದಿಗಳಲ್ಲಿ, ಗಾಳಿ ಸರಿಯಾಗಿ ಆಡದ ಕತ್ತಲಲ್ಲಿ ಬಾಳುವ ಬ್ಯಾಕ್ಟೀರಿಯಾಗಳಿಗೆ. ವೀಲೋನೆಲ್ಲಾ, ರೋಥಿಯಾ, ನೈಸೀರಿಯಾ ಎಂಬ ಹೆಸರಿನ ಈ ಬಾಡಿಗೆದಾರರು ನೈಟ್ರೇಟನ್ನು ನೈಟ್ರೈಟ್ ಮಾಡಿಕೊಡುತ್ತಾರೆ. ನಾವು ಜೊಲ್ಲು ನುಂಗುತ್ತೇವೆ. ಜಠರದ ಹುಳಿಗೆ ಬಿದ್ದ ನೈಟ್ರೈಟಿನ ಒಂದಿಷ್ಟು ಅಲ್ಲೇ ಅನಿಲವಾಗುತ್ತದೆ, ಉಳಿದದ್ದು ರಕ್ತಕ್ಕೆ ಸೇರಿ ದೂರದೂರದ ನಾಳಗಳಲ್ಲಿ ಅದೇ ಅನಿಲವಾಗುತ್ತದೆ. ನೈಟ್ರಿಕ್ ಆಕ್ಸೈಡ್! ಅದು ತಾಕಿದ್ದೇ ರಕ್ತನಾಳದ ಗೋಡೆಯ ಸ್ನಾಯು ಸಡಿಲಗೊಂಡು ನಾಳ ಅಗಲವಾಗುತ್ತದೆ, ಒತ್ತಡ ಇಳಿಯುತ್ತದೆ. ಲಂಡನ್ನಿನಲ್ಲಿ ಉಗುಳಿದವರು ಉಗುಳಿದ್ದು ಈ ನೈಟ್ರೈಟನ್ನೇ. ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ದ್ರವದಿಂದ ಒಂದು ವಾರ ಬಾಯಿ ಮುಕ್ಕಳಿಸಿದವರ ಬಿ.ಪಿ. 2ರಿಂದ 3.5ರಷ್ಟು ಏರಿದ್ದನ್ನು 2013ರಲ್ಲಿ ಅದೇ ಲಂಡನ್ ತಂಡ ತೋರಿಸಿತು. ನಾಲಿಗೆ ಬರೀ ರುಚಿ ನೋಡಲಿಕ್ಕೆ, ಮಾತಾಡಲಿಕ್ಕೆ ಅಂದುಕೊಂಡಿದ್ದೆವಲ್ಲ!

ಹೃದ್ರೋಗ ಲೋಕಕ್ಕೆ ಈ ಅನಿಲ ಹೊಸದೇನಲ್ಲ. ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೆ 1998ರ ನೊಬೆಲ್ ಬಂದಿದ್ದು ಇದಕ್ಕೇ. ನೊಬೆಲ್ ಮಹಾಶಯನ ಕಥೆ ಇನ್ನೂ ಸ್ವಾರಸ್ಯ. ನೈಟ್ರೋಗ್ಲಿಸರಿನ್ನಿನಿಂದ ಡೈನಮೈಟ್ ಮಾಡಿ ಕೋಟ್ಯಧಿಪತಿಯಾದ ಅವನಿಗೆ, 1896ರಲ್ಲಿ ಸಾಯುವ ಮುಂಚೆ, ಎದೆನೋವಿಗೆಂದು ವೈದ್ಯರು ಬರೆದುಕೊಟ್ಟದ್ದು ಅದೇ ನೈಟ್ರೋಗ್ಲಿಸರಿನ್. ಅದು ದೇಹದೊಳಗೆ ಬಿಡುವುದೂ ನೈಟ್ರಿಕ್ ಆಕ್ಸೈಡನ್ನೇ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಚೀನಾದ ದುನ್‌ಹುವಾಂಗ್ ಗುಹೆಗಳಲ್ಲಿ ಸಿಕ್ಕ ಸಾವಿರ ವರ್ಷಕ್ಕೂ ಹಳೆಯ ವೈದ್ಯದ ಹಸ್ತಪ್ರತಿ ಎದೆ ಹಿಂಡುವ ನೋವಿಗೆ ಏನು ಹೇಳುತ್ತದೆ ಗೊತ್ತೇ? ಪೆಟ್ಲುಪ್ಪನ್ನು ನಾಲಿಗೆಯ ಕೆಳಗಿಟ್ಟುಕೊ, ಊರಿದ ಜೊಲ್ಲನ್ನು ನುಂಗು! ಪೆಟ್ಲುಪ್ಪು ಎಂದರೆ ಪೊಟ್ಯಾಸಿಯಂ ನೈಟ್ರೇಟ್. ಜೊಲ್ಲು ನುಂಗಬೇಕು ಎಂಬುದನ್ನು ಅವರು ಅದು ಹೇಗೆ ಕಂಡುಕೊಂಡರೋ!

ಬಣ್ಣದ ವಿಚಾರದಲ್ಲಿ ಮಾತ್ರ ಮೋಸ ಹೋಗಬಾರದು. ಬ್ಯಾಡಗಿಯ ಎಪಿಎಂಸಿ ಅಂಗಳಕ್ಕೆ ಸುಗ್ಗಿಯಲ್ಲಿ ಕಾಲಿಟ್ಟರೆ ಕಣ್ಣು ಹಾಯುವವರೆಗೂ ಕೆಂಪು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಸುಕ್ಕುಸುಕ್ಕು ಮೆಣಸಿನಕಾಯಿಯ ಕೆಂಪು ಲಿಪ್‌ಸ್ಟಿಕ್ಕಿನವರೆಗೂ ಹೋಗುತ್ತದೆ. ಬೀಟ್‌ರೂಟಿನ ಕೆಂಪು ಬೇರೆ, ರಾಜಗಿರಿ ದಂಟಿಗೂ ಅದೇ ಕೆಂಪು. ಆದರೆ ಬಿ.ಪಿ. ಇಳಿಸುವ ನೈಟ್ರೇಟಿಗೆ ಬಣ್ಣವೇ ಇಲ್ಲ. “ಕೆಂಪಗಿದೆ, ರಕ್ತ ಆಗ್ತದ” ಎಂದು ಬೀಟ್‌ರೂಟ್ ತಿನ್ನಿಸುವವರು ತಿನ್ನಿಸುತ್ತಿರುವುದೇನೋ ಸರಿ, ಕಾರಣ ಮಾತ್ರ ತಪ್ಪು. ಅಂದಹಾಗೆ ಮೆಣಸಿನ ಖಾರದ ಕ್ಯಾಪ್ಸೈಸಿನ್ ಕೂಡ ಇಲಿಗಳಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ಒತ್ತಡ ಇಳಿಸಿದ್ದನ್ನು ಚೀನಾದ ವಿಜ್ಞಾನಿಗಳು 2010ರಲ್ಲಿ ವರದಿ ಮಾಡಿದ್ದಾರೆ. ಆದರೆ ಏನು ಮಾಡುವುದು, ನಮ್ಮ ಬ್ಯಾಡಗಿಯ ಹೆಸರು ಬಣ್ಣಕ್ಕೆ, ಖಾರ ಕಡಿಮೆ!

ಈಗ ಬಸುರಿಯ ಹತ್ತಿರ ಬರೋಣ. ಅಚ್ಚರಿ ಇಲ್ಲಿ ದಟ್ಟವಾಗುತ್ತದೆ.

ಬಸುರಿಯ ದೇಹದಲ್ಲಿ ರಕ್ತ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ರಕ್ತ ಹೆಚ್ಚಿದರೆ ಒತ್ತಡ ಏರಬೇಕು ತಾನೆ? ಇಲ್ಲ, ನಡುತಿಂಗಳುಗಳಲ್ಲಿ ಇಳಿಯುತ್ತದೆ! ನಾಳಗಳೆಲ್ಲ ಸಡಿಲಗೊಂಡು ದಾರಿ ಬಿಡುತ್ತವೆ. ಮೊದಲು ನಿಮಿಷಕ್ಕೆ 50 ಮಿಲಿಲೀಟರ್ ಆಸುಪಾಸು ರಕ್ತ ಕಾಣುತ್ತಿದ್ದ ಗರ್ಭಕೋಶಕ್ಕೆ ದಿನ ತುಂಬುವ ಹೊತ್ತಿಗೆ 500ಕ್ಕೂ ಮೇಲೆ ಹರಿಯುತ್ತದೆ. ಗರ್ಭಕೋಶದ ಗೋಡೆಯ ಸುರುಳಿ ನಾಳಗಳೊಳಗೆ ಮಾಸಿನ ಕೋಶಗಳು ಹೊಕ್ಕು, ಕಿರಿದಾದ ಬಾಯಿಗಳನ್ನು ಅಗಲ ಮಾಡುತ್ತವೆ. ಮಾಸಿಗೆ ನರಗಳೇ ಇಲ್ಲ, ಮಿದುಳು ಅದಕ್ಕೆ ಆಜ್ಞೆ ಕಳಿಸುವಂತಿಲ್ಲ. ಅದರ ನಾಳಗಳು ಯಾರ ಮಾತು ಕೇಳಬೇಕು? ಅಲ್ಲೇ ಹುಟ್ಟಿ ಕೆಲವೇ ಸೆಕೆಂಡು ಬದುಕುವ ನೈಟ್ರಿಕ್ ಆಕ್ಸೈಡಿನಂಥ ಸಂದೇಶವಾಹಕಗಳ ಮಾತು.

ಕೆಲವರಲ್ಲಿ ಈ ಏರ್ಪಾಡು ಕೆಡುತ್ತದೆ. 20 ವಾರದ ನಂತರ ಬಿ.ಪಿ. 140/90 ಮುಟ್ಟುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರಿತೆಂದರೆ ಅದು ಪ್ರಿಎಕ್ಲಾಂಪ್ಸಿಯಾ. ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ಕೈ-ಮುಖಕ್ಕೆ ಬಾವು ಬರುತ್ತದೆ, ಕೈಮೀರಿದರೆ ಫಿಟ್ಸ್. ಇದರ ಬೇರು ಹುಡುಕಿ 2003ರಲ್ಲಿ ಬೋಸ್ಟನ್ನಿನಲ್ಲಿ ಬೆಳಕಿಗೆ ತಂದವರು ಭಾರತ ಮೂಲದ ಮೂತ್ರಪಿಂಡ ತಜ್ಞ ಅನಂತ್ ಕರುಮಂಚಿ ಮತ್ತು ಅವರ ತಂಡ. ರಕ್ತ ಸಾಲದೆ ಸಂಕಟಪಡುವ ಮಾಸು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಚೆಲ್ಲುತ್ತದೆ. ನಾಳಗಳ ಒಳಪದರವನ್ನು ಸುಸ್ಥಿತಿಯಲ್ಲಿಟ್ಟು, ನೈಟ್ರಿಕ್ ಆಕ್ಸೈಡ್ ಮಾಡು ಎಂದು ಅದಕ್ಕೆ ಹೇಳುವ ಅಂಶಗಳನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ಬಸುರಿ ಇಲಿಗಳಿಗೆ ಅದೊಂದನ್ನೇ ಕೊಟ್ಟಾಗ ಬಿ.ಪಿ. ಏರಿತು, ಮೂತ್ರದಲ್ಲಿ ಪ್ರೋಟೀನೂ ಬಂತು.

ನಾಳದ ಒಳಪದರ ತಾನೇ ನೈಟ್ರಿಕ್ ಆಕ್ಸೈಡ್ ಮಾಡುವುದು ಮೊದಲ ದಾರಿ. ಅದಕ್ಕೆ ಆಮ್ಲಜನಕ ಬೇಕೇ ಬೇಕು. ಹಕ್ಕರಕಿಯಿಂದ ಹೊರಟು ನಾಲಿಗೆಯ ಮೇಲೆ ಹಾದು ಬರುವುದು ಎರಡನೆಯ ದಾರಿ. ಇದು ಚುರುಕಾಗುವುದು ಯಾವಾಗ? ಆಮ್ಲಜನಕ ಕಡಿಮೆಯಾದಾಗ! ರಕ್ತದಲ್ಲಿ ಸುಮ್ಮನೆ ಹರಿದಾಡುವ ನೈಟ್ರೈಟ್, ಉಸಿರಿಗೆ ಬರವಿರುವ ಜಾಗಕ್ಕೆ ಬಂದಾಗಲೇ ಹೆಚ್ಚು ಹೆಚ್ಚು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಮೊದಲ ದಾರಿ ಮುಚ್ಚಿದ ಗಳಿಗೆಯಲ್ಲೇ ಎರಡನೆಯದು ತೆರೆದುಕೊಳ್ಳುವ ಹಾಗೆ ಯಾರು ಬರೆದಿಟ್ಟರು ಇದನ್ನು?

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರಿಗೂ ಹಾಗೇ ಅನ್ನಿಸಿರಬೇಕು. ಬಿ.ಪಿ. ಇರುವ 40 ಬಸುರಿಯರನ್ನು ಅವರು ಕೂಡಿಸಿದರು. ಒಂದು ಗುಂಪಿಗೆ ದಿನಕ್ಕೆ 70 ಮಿಲಿಲೀಟರ್ ದಟ್ಟ ಬೀಟ್‌ರೂಟ್ ರಸ, ಅದರಲ್ಲಿ ಸುಮಾರು 400 ಮಿಲಿಗ್ರಾಂ ನೈಟ್ರೇಟ್. ಇನ್ನೊಂದು ಗುಂಪಿಗೂ ಬೀಟ್‌ರೂಟ್ ರಸವೇ, ಆದರೆ ನೈಟ್ರೇಟ್ ಮಾತ್ರ ತೆಗೆದದ್ದು. ಬಣ್ಣ, ರುಚಿ, ಬಾಟಲಿ ಎಲ್ಲ ಒಂದೇ, ಯಾರ ಕೈಗೆ ಯಾವುದು ಬಂತೆಂದು ಕೊಟ್ಟವರಿಗೂ ಗೊತ್ತಿಲ್ಲ, ಕುಡಿದವರಿಗೂ ಗೊತ್ತಿಲ್ಲ. ಎಂಟು ದಿನ ನಡೆದ ಈ ಪ್ರಯೋಗದ ಫಲ 2018ರಲ್ಲಿ ಪ್ರಕಟವಾಯಿತು. ಎರಡು ಗುಂಪಿನ ಸರಾಸರಿ ಬಿ.ಪಿ.ಯಲ್ಲಿ ಗಟ್ಟಿ ವ್ಯತ್ಯಾಸ ಕಾಣಲಿಲ್ಲ.

ಕಥೆ ಮುಗಿಯಿತೇ? ಇಲ್ಲ. ನೈಟ್ರೇಟ್ ಕುಡಿದವರನ್ನೇ ಬಿಡಿಬಿಡಿಯಾಗಿ ನೋಡಿದಾಗ ಒಂದು ಎಳೆ ಸಿಕ್ಕಿತು. ಯಾರ ರಕ್ತದಲ್ಲಿ ನೈಟ್ರೈಟ್ ಹೆಚ್ಚು ಏರಿತ್ತೋ ಅವರ ಬಿ.ಪಿ.ಯ ಕೆಳಗಿನ ಅಂಕಿ ಹೆಚ್ಚು ಇಳಿದಿತ್ತು. ಎಲ್ಲರೂ ಕುಡಿದದ್ದು ಅಷ್ಟೇ ನೈಟ್ರೇಟ್, ನೈಟ್ರೈಟ್ ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣ. ನಡುವೆ ಇರುವುದು ಏನು? ಬಾಯಿ! ನನಗಂತೂ ಸರಾಸರಿ ಇಳಿದಿದ್ದರೂ ಇಷ್ಟು ರೋಮಾಂಚನ ಆಗುತ್ತಿರಲಿಲ್ಲ. ಬಸುರಿಯ ಬಿ.ಪಿ. ಆಕೆಯ ನಾಲಿಗೆಯ ಮೇಲಿನ ಜೀವಿಗಳನ್ನೂ ಕೇಳುತ್ತದೆ ಎಂದಾದರೆ, ಹಲ್ಲು-ವಸಡಿನ ಆರೋಗ್ಯ, ತಂಬಾಕಿನ ಮಿಶ್ರಿ ಉಜ್ಜುವ ಚಟ, ಅಂಗಡಿಯಿಂದ ತಂದ ಮೌತ್‌ವಾಶ್ ಎಲ್ಲವೂ ಹೆರಿಗೆ ವಾರ್ಡಿನ ಪ್ರಶ್ನೆಗಳಾಗುತ್ತವೆ.

ನಲವತ್ತು ಮಂದಿ, ಎಂಟು ದಿನ. ಔಷಧ ಎನ್ನಲು ಇಷ್ಟು ಸಾಲದು. ಹಕ್ಕರಕಿ ತಿನ್ನುತ್ತೇನೆಂದು ವೈದ್ಯರು ಕೊಟ್ಟ ಬಿ.ಪಿ. ಗುಳಿಗೆ ಬಿಡುವವರು ಈ ಲೇಖನವನ್ನು ಇಲ್ಲಿಗೇ ಮಡಚಿಡುವುದು ಒಳ್ಳೆಯದು. ಹಸಿ ತಪ್ಪಲನ್ನು ಮೂರ್ನಾಲ್ಕು ನೀರಲ್ಲಿ ತೊಳೆಯದೆ ಬಸುರಿಗೆ ಕೊಡಲೂಬಾರದು.

ನೈಟ್ರೇಟಿಗೆ ಇನ್ನೊಂದು ಮುಖವೂ ಇದೆ, ಅದು ಕಾಣುವುದು ರಾಣೆಬೆನ್ನೂರಿನ ಹೊಲಗಳ ನಡುವೆ. ದೇಶಕ್ಕೆಲ್ಲ ತರಕಾರಿಯ ಹೈಬ್ರಿಡ್ ಬೀಜ ಮಾಡಿಕೊಡುವ ಸೀಮೆ ಇದು. ಬೀಜಕ್ಕೂ ಬೆಳೆಗೂ ಗೊಬ್ಬರ ಬೇಕು. ಗೊಬ್ಬರ ಇಲ್ಲಿ ಎಂಥ ಜೀವ-ಮರಣದ ಮಾತೆಂದು ನೆನಪಿರುವವರಿಗೆ ನೆನಪಿದೆ: 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ಆಯಿತು. ಲಂಡನ್ನಿನಲ್ಲಿ ಬೀಟ್‌ರೂಟ್ ರಸದ ಫಲಿತಾಂಶ ಹೊರಬಂದ ವರ್ಷವೇ ಅದು. ಹೊಲಕ್ಕೆ ಚೆಲ್ಲಿದ ಯೂರಿಯಾವನ್ನು ಎರೆಮಣ್ಣಿನ ಬ್ಯಾಕ್ಟೀರಿಯಾಗಳು ಮೊದಲು ಅಮೋನಿಯಂ, ಆಮೇಲೆ ನೈಟ್ರೈಟ್, ಕಡೆಗೆ ನೈಟ್ರೇಟ್ ಮಾಡುತ್ತವೆ. ನಾಲಿಗೆಯ ಬ್ಯಾಕ್ಟೀರಿಯಾ ಮಾಡುವ ಕೆಲಸದ ಸರೀ ಉಲ್ಟಾ! ಮಣ್ಣಿನ ಜೀವಿಗಳು ಏರಿಸಿದ ಆಮ್ಲಜನಕವನ್ನು ಬಾಯಿಯ ಜೀವಿಗಳು ಇಳಿಸುತ್ತವೆ, ನಡುವೆ ಒಂದು ಸೂಡು ಮೆಂತ್ಯ.

ಗಿಡ ಹೀರಿದ್ದು ಗಿಡಕ್ಕೆ. ಹೀರದೆ ಮಿಕ್ಕಿದ್ದು ಮಳೆನೀರಿನ ಜತೆ ಇಳಿದು ಕೊಳವೆಬಾವಿ ಸೇರುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲ ಮಾದರಿಗಳಲ್ಲಿ ಶೇ. 48ರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂನ ಮಿತಿ ದಾಟಿದೆ. ಹೆಚ್ಚುಕಡಿಮೆ ಅರ್ಧ! ಅಂಥ ನೀರಲ್ಲಿ ಬಾಟಲಿ ಹಾಲು ಕಲಸಿ ಕೊಟ್ಟ ಹಸುಗೂಸುಗಳು ನೀಲಿಗಟ್ಟುವುದನ್ನು ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು 1945ರಲ್ಲೇ ಬರೆದಿಟ್ಟರು. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸಿ, ಅದು ಆಮ್ಲಜನಕ ಹೊರದಂತೆ ಮಾಡುತ್ತದೆ. ಸೊಪ್ಪಿನಲ್ಲಿ ನೈಟ್ರೇಟಿನ ಜತೆಗೆ ಸಿ ವಿಟಮಿನ್ ಬರುತ್ತದೆ, ಕೆಟ್ಟ ನೈಟ್ರೊಸಮೀನುಗಳು ಹುಟ್ಟದಂತೆ ತಡೆಯುವ ಬೇರೆ ಸಸ್ಯಾಂಶಗಳೂ ಬರುತ್ತವೆ. ಬೋರ್‌ವೆಲ್ ನೀರಲ್ಲಿ ಅವು ಯಾವುವೂ ಇಲ್ಲ. ಈ ನೀರನ್ನು ಕಾಯಿಸಿ ಪ್ರಯೋಜನವಿಲ್ಲ, ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ದಟ್ಟವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ಪೊರೆ ಅದನ್ನು ಹಿಡಿಯಬಲ್ಲದು. ಬಸುರಿಗೆ ತಪ್ಪಲು ಕೊಡಿ ಎನ್ನುವವರು ನೀರು ಯಾವುದೆಂದೂ ಕೇಳಬೇಕಾಗುತ್ತದೆ.

ಸೀಗಿ ಹುಣ್ಣಿವಿಗೆ ಈ ಸೀಮೆಯವರು ಭೂಮಿತಾಯಿ ಬಸುರಿಯೆಂದು ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುತ್ತಾರೆ. ಹಿರೇಕೆರೂರು, ಹಾನಗಲ್ಲಿನ ಆಚೆಯ ಮಲೆನಾಡಿನಲ್ಲಿ ಆಕೆಯ ಬಯಕೆ ತೀರಿಸಲು ಹತ್ತಾರು ಬಗೆಯ ಸೊಪ್ಪು ಕುಡಿ ಕೊಯ್ದು ಬೇಯಿಸುತ್ತಾರೆ. ಬಸುರಿಗೆ ಸೊಪ್ಪು! ಪ್ರಯೋಗಾಲಯಕ್ಕೆ ಮೊದಲೇ ಇದೆಲ್ಲ ನಮ್ಮವರಿಗೆ ಗೊತ್ತಿತ್ತು ಎಂದು ನಾನು ಹೇಳಲು ಹೊರಟಿಲ್ಲ, ಅಂಥ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಆದರೆ ಹೊಂದಿಕೆ ಚೆಂದವಾಗಿದೆ ಎಂದು ಬೆರಗಾಗಲು ಅಡ್ಡಿಯೇನು?

ಬಸುರಿಯ ಬಿ.ಪಿ.ಯ ಬಗ್ಗೆ ಲೋಕ ತಿರುಗಿ ನೋಡುವಂಥ ಕೆಲಸ ನಡೆದಿರುವುದು ನಮ್ಮದೇ ರಾಜ್ಯದಲ್ಲಿ ಎಂಬುದು ಎಷ್ಟು ಮಂದಿಗೆ ಗೊತ್ತು? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11,000 ಬಸುರಿಯರಿಗೆ ಕ್ಯಾಲ್ಸಿಯಂ ಕೊಟ್ಟು ನೋಡಿದರು. ಪ್ರಿಎಕ್ಲಾಂಪ್ಸಿಯಾ ತಡೆಯಲು ದಿನಕ್ಕೆ 1500 ಮಿಲಿಗ್ರಾಂ ಬೇಕು ಎಂಬ ನಂಬಿಕೆ ಇತ್ತು. 500 ಕೊಟ್ಟವರಲ್ಲಿ ಶೇ. 3.0, 1500 ಕೊಟ್ಟವರಲ್ಲಿ ಶೇ. 3.6, ಅಂದರೆ ಹೆಚ್ಚುಕಡಿಮೆ ಒಂದೇ! 2024ರಲ್ಲಿ ಇದು ಪ್ರಕಟವಾಯಿತು. ಮೂರು ಗುಳಿಗೆಯ ಜಾಗದಲ್ಲಿ ಒಂದು ಸಾಕೆಂದರೆ ಸರ್ಕಾರಿ ದವಾಖಾನೆಗೆ ಅದೆಷ್ಟು ಹಗುರ. ಇತ್ತ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು 2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ, ಎಎನ್‌ಎಂಗಳ ಕೈಗೆ ಬಿ.ಪಿ. ಯಂತ್ರ ಮತ್ತು ಅಪಾಯ ಲೆಕ್ಕ ಹಾಕುವ ಆ್ಯಪ್ ಕೊಟ್ಟರು. ಒಟ್ಟು ಲೆಕ್ಕದಲ್ಲಿ ಸಾವು-ನೋವು ಇಳಿಯಲಿಲ್ಲ. ಆದರೆ ಪಾಕಿಸ್ತಾನ, ಮೊಜಾಂಬಿಕ್‌ನ ಲೆಕ್ಕವನ್ನೂ ಕೂಡಿಸಿ 2020ರಲ್ಲಿ ನೋಡಿದಾಗ, ಇಂಥ ಭೇಟಿ ಎಂಟು ಸಲವಾದರೂ ಪಡೆದವರಲ್ಲಿ ಹೊಟ್ಟೆಯಲ್ಲೇ ಕೂಸು ಸಾಯುವುದು ಕಡಿಮೆ ಎಂದು ಕಂಡಿತು. ಬ್ಯಾಡಗಿಯಲ್ಲಿ ಇಡೀ ದಿನ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಲ್ಲಿ ಬಸುರಿಯರು ಇದ್ದರೆ, ಅವರ ತೋಳಿಗೆ ಎಂಟು ಸಲ ಬಿ.ಪಿ. ಯಂತ್ರದ ಪಟ್ಟಿ ಸುತ್ತುವುದು ಯಾವ ರಸಕ್ಕಿಂತಲೂ ಮೊದಲಿನ ಕೆಲಸ.

ಕಡೆಯದಾಗಿ ಒಂದು ವಿಸ್ಮಯ, ನಾನು ಕುರ್ಚಿಯಿಂದ ಎದ್ದು ನಿಂತದ್ದು ಇದನ್ನು ತಿಳಿದಾಗ. ಬಸುರಿಯ ಮೂತ್ರದಲ್ಲಿ ಅದ್ದಿ ಪ್ರೋಟೀನ್ ನೋಡುವ ಬಣ್ಣದ ಪಟ್ಟಿ ನೀವು ಕಂಡಿರಬಹುದು. ಹತ್ತು ಚೌಕದ ಪಟ್ಟಿಯಾದರೆ ಅದರಲ್ಲೊಂದು ಚೌಕ ಗುಲಾಬಿಯಾಗುವುದು ಯಾವುದಕ್ಕೆ? ನೈಟ್ರೈಟಿಗೆ! ಮೂತ್ರನಾಳದಲ್ಲಿ ಸೋಂಕಿನ ಬ್ಯಾಕ್ಟೀರಿಯಾ ಸೇರಿಕೊಂಡರೆ, ಅವು ಮೂತ್ರದ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ನಾಲಿಗೆಯಲ್ಲಿ ಆದರೆ ವರ, ಮೂತ್ರಕೋಶದಲ್ಲಿ ಆದರೆ ರೋಗ. ಕೆಲಸ ಮಾತ್ರ ಒಂದೇ. ಇದೇ ರಾಸಾಯನಿಕದ ಪಟ್ಟಿಯನ್ನು ನಾಲಿಗೆಗೆ ಮುಟ್ಟಿಸಿ, ತಪ್ಪಲು ತಿಂದ ಮೇಲೆ ಜೊಲ್ಲು ಎಷ್ಟು ಗುಲಾಬಿಯಾಯಿತೆಂದು ನೋಡುವ ಪಟ್ಟಿಗಳೂ ಬಂದಿವೆ.

ಹಾಗಿದ್ದರೆ ಮ್ಯಾಂಚೆಸ್ಟರಿನ ಪ್ರಯೋಗವನ್ನು ಹಾವೇರಿಯಲ್ಲೇ, ರೊಟ್ಟಿ ಊಟದ ಜತೆ ಯಾಕೆ ಮಾಡಬಾರದು? 2017ರ ಗಾಂಧಿ ಜಯಂತಿಯಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟ ಬಸುರಿಯರಿಗೆ ಗೊತ್ತಿರುವ ಸಂಗತಿ. ಬಿ.ಪಿ. ಯಂತ್ರ ಇದೆ, ತಾಯಿ ಕಾರ್ಡ್ ಇದೆ, ಆಶಾ ಇದ್ದಾರೆ, ರಾಜಗಿರಿಯ ಸೂಡು ಬುಟ್ಟಿಗಟ್ಟಲೆ ಇದೆ. ಅಡ್ಡ ಬರುವುದು ಒಂದೇ. ಮ್ಯಾಂಚೆಸ್ಟರಿನವರು ರಸದಿಂದ ನೈಟ್ರೇಟ್ ತೆಗೆದು ಹೋಲಿಕೆಯ ಬಾಟಲಿ ತುಂಬಿದರು. ನೈಟ್ರೇಟ್ ಇಲ್ಲದ ಹಕ್ಕರಕಿಯನ್ನು ಎಲ್ಲಿಂದ ತರುವುದು? ಅದೇ ತೋಟದ ಎರಡು ಸೂಡು, ಒಂದು ಹಸಿ, ಇನ್ನೊಂದು ಕುದಿಸಿ ನೀರು ಬಸಿದದ್ದು, ಕೊಟ್ಟು ನೋಡಬಹುದೇನೋ. ಯಾರಿಗೆ ಯಾವುದೆಂದು ಮುಚ್ಚಿಡುವುದು ಆಗದ ಮಾತು, ಆದರೆ ನಾಲಿಗೆಯ ಮೇಲಿನ ಗುಲಾಬಿ ಪಟ್ಟಿ ಯಾರ ಬಾಯಲ್ಲಿ ಕೆಲಸ ನಡೆದಿದೆ ಎಂದು ಹೇಳಿಬಿಡುತ್ತದೆ.